ಸೋಮವಾರದಿಂದ ಆಟಿಸಂ ಥೆರಪಿ ಸೆಂಟರ್‌ನಾಗ ಕೆಲಸ ಶುರು, ಮನ್ಯಾಗ ಎರಡು ಸಣ್ಣ ಮಕ್ಕಳು, ಅನುಭವ ಇದ್ದವ್ರು ಹೇಳ್ರಿ

ಜಮಖಂಡಿಯಾಕಿ, ಪುಣೆ
ಶನಿವಾರ ರಾತ್ರಿ 11:20

ಎಲ್ಲಾರ್ಗೂ ನಮಸ್ಕಾರ. ನಾ ಪುಣೆದಾಗ ಸಿಂಹಗಡ ರೋಡ್ ಕಡೆ ಇರ್ತೀನಿ, ಊರು ಜಮಖಂಡಿ. ಮೊದಲ ಒಂದ್ ಇನ್ಶೂರೆನ್ಸ್ ಆಫೀಸ್‌ನಾಗ 4 ವರ್ಷ ಕೆಲಸ ಮಾಡಿದ್ದೆ, ಮಗಳು ಹುಟ್ಟಿದ ಮ್ಯಾಲೆ ಬಿಟ್ಟೆ, ಈಗ ಆಕಿಗೆ 7, ಸಣ್ಣಾಂವಗ ಮೂರೂವರಿ. ನಡುವ ಮನ್ಯಾಗ ಕುಂತು ಸೈಕಾಲಜಿ ಎಂಎ ಮುಗಿಸ್ದೆ, ಹೋದ್ ವರ್ಷ ಒಂದ್ ಸ್ಪೆಷಲ್ ಸ್ಕೂಲ್‌ಗೆ ವಾರಕ್ಕ ಎರಡ್ ದಿನ ಪಗಾರ ಇಲ್ದ ಹೋಗಿ ಕುಂತು ನೋಡಿ ಕಲ್ತೆ. ಈಗ ಒಂದ್ ಸೆಂಟರ್‌ನವ್ರು ಟ್ರೇನಿ ಥೆರಪಿಸ್ಟ್ ಅಂತ ತಗೊಂಡಾರ, ಆಟಿಸಂ ಇರೋ ಮಕ್ಕಳು, ಅಂದ್ರ ಮಿದುಳಿನ ಬೆಳವಣಿಗಿ ಬ್ಯಾರೆ ಇದ್ದು ಮಾತಾಡೂದು, ಮಂದಿ ಜೊತಿ ಬೆರೆಯೂದು ಕಷ್ಟ ಆಗೋ ಮಕ್ಕಳು, 2 ವರ್ಷದಿಂದ 9 ವರ್ಷದ ತನಕ, ಮುಂಜಾನೆ 9:30ರಿಂದ ಸಂಜಿ 5:30, ಮೊದಲ್ ಮೂರ್ ತಿಂಗಳು ಟ್ರೇನಿಂಗ್, ಪಗಾರ 17 ಸಾವಿರ.

ಖುಷಿ ಐತ್ರಿ, ಭಾಳ ಖುಷಿ ಐತಿ, ಆದ್ರ ರಾತ್ರಿ ನಿದ್ದಿ ಬರವಲ್ದು. ನಮ್ಮ ಮನಿಯವರು ಚಾಕಣದಾಗ ಕಂಪನಿ, ಶಿಫ್ಟ್ ಡ್ಯೂಟಿ, ಫಸ್ಟ್ ಶಿಫ್ಟ್ ಇದ್ರ ಮುಂಜಾನೆ 5ಕ್ಕ ಬಸ್ಸು ಹಿಡೀಬೇಕು. ಅತ್ತಿಯವ್ರು ಊರಿಂದ ಬಂದಾರ ಆದ್ರ ಎರಡ್ ತಿಂಗಳಿಗೆ ಮಾತ್ರ. ಸಣ್ಣಾಂವನ್ನ ಸೊಸೈಟಿಯೊಳಗಿನ ಪಾಳಣಾಘರಕ್ಕ, ಅಂದ್ರ ಹಗಲ ಸಣ್ಣ ಮಕ್ಕಳನ್ನ ನೋಡ್ಕೊಳೋ ಜಾಗಕ್ಕ, ಹಾಕಬೇಕು, ಅದಕ್ಕ ತಿಂಗಳಿಗೆ 6,500. ಲೆಕ್ಕ ಹಾಕಿದ್ರ ಕೈಯಾಗ ಉಳಿಯೋದು ಕಮ್ಮಿ, ಅದು ಗೊತ್ತೈತಿ, ಅದರ ಬಗ್ಗೆ ಮನ್ಯಾಗ ಮಾತಾಗಿ ಮುಗದೈತಿ.

ನನ್ನ ಚಿಂತಿ ಬ್ಯಾರೆ. ನನ್ನ ಮಕ್ಕಳ ಜೊತಿ ನನ್ಗ ಸಂಜಿ ಆಗೂದ್ರಾಗ ತಾಳ್ಮಿ ತಪ್ಪತೈತಿ, ಒದರ್ತೀನಿ, ಆಮ್ಯಾಲೆ ಅಳ್ತೀನಿ. ದಿನಪೂರ್ತಿ ಬ್ಯಾರೇವ್ರ ಮಕ್ಕಳಿಗೆ ತಾಳ್ಮಿ ಕೊಟ್ಟು ಮನಿಗೆ ಬಂದಾಗ ನನ್ನ ಮಕ್ಕಳಿಗೆ ಏನ್ ಉಳಿತೈತಿ? ಎರಡ್ನೇದ್ದು, ಮೊದಲ್ನೇ ವಾರದಾಗ ನಾ ಏನ್ ಮಾಡಬೇಕು ಏನ್ ಮಾಡಬಾರದು. ಆಟಿಸಂ ಮಕ್ಕಳ ತಾಯಂದಿರು ಯಾರಾರ ಇದ್ರ ನೀವೂ ಹೇಳ್ರಿ, ನಿಮಗ ಎಂಥಾ ಥೆರಪಿಸ್ಟ್ ಬೇಕು.

ಅಂಕೋಲೆಯ ಓಟಿ, ಗೋವಾ
ಭಾನುವಾರ ಬೆಳಿಗ್ಗೆ 7:05

ಶುಭವಾಗ್ಲಿ. ನಾನು ಆಕ್ಯುಪೇಶನಲ್ ಥೆರಪಿಸ್ಟು (ಓಟಿ), ಅಂದ್ರೆ ಊಟ, ಬಟ್ಟೆ, ಆಟದಂಥ ದಿನದ ಕೆಲಸ ಮಾಡ್ಲಿಕ್ಕೆ ಮಕ್ಕಳಿಗೆ ಕಲಿಸೋರು, ಮಡಗಾಂವ್‌ನಲ್ಲಿ 11 ವರ್ಷ ಆಯ್ತು. ಯಾರೂ ಹೇಳ್ದೆ ಇರೋ ವಿಷಯ ಮೊದ್ಲು ಹೇಳ್ತೆ. ಇದು ಮೈಮುರಿ ಕೆಲಸ. ಇಡೀ ದಿನ ನೆಲದ ಮೇಲೆ, ಮ್ಯಾಟ್ ಮೇಲೆ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಏಳ್ಬೇಕು, ಮೊಣಕಾಲು ಸೊಂಟ ಎರಡೂ ಕೇಳ್ತವೆ. ಮಗುವನ್ನ ಎತ್ತೋವಾಗ ಸೊಂಟ ಬಗ್ಗಿಸ್ಬೇಡಿ, ಮೊಣಕಾಲು ಮಡಚಿ ಎತ್ತಿ. ಕೂದ್ಲು ಬಿಗಿಯಾಗಿ ಕಟ್ಟಿ, ಜೋತಾಡೋ ಕಿವಿಯೋಲೆ ಬೇಡ, ಗಾಜಿನ ಬಳೆ ಬೇಡ, ಉದ್ದ ತಾಳಿ ಇದ್ರೆ ಕುರ್ತಾ ಒಳಗೆ ಹಾಕಿ ಪಿನ್ ಮಾಡಿ. ಉಗುರು ಕತ್ತರಿಸಿ. ಸೆಂಟು, ಜೋರು ವಾಸನೆ ಎಣ್ಣೆ, ಮಲ್ಲಿಗೆ ಹೂವು ಬೇಡ, ಕೆಲವು ಮಕ್ಕಳಿಗೆ ವಾಸನೆ ಅನ್ನೋದು ಕಿವಿ ಹತ್ರ ಲೌಡ್‌ಸ್ಪೀಕರ್ ಇಟ್ಟ ಹಾಗೆ. ಟೆಟನಸ್ಸು, ಹೆಪಟೈಟಿಸ್ ಬಿ ಲಸಿಕೆ ಆಗಿದ್ಯಾ ನೋಡ್ಕೊಳ್ಳಿ.

ಮಗು ಕಚ್ಚಿದ್ರೆ ಕೈ ಎಳ್ಕೊಳ್ಬೇಡಿ, ಎಳೆದ್ರೆ ಚರ್ಮ ಹರೀತದೆ, ಬಾಯಿ ಕಡೆಗೇ ಮೆಲ್ಲಗೆ ಒತ್ತಿ ಹಿಡಿದ್ರೆ ಹಲ್ಲು ತಾನೇ ಬಿಡ್ತದೆ. ಕಿರುಚ್ಬೇಡಿ. ಇದನ್ನ ಮನೇಲಿ ಗಂಡನ ಜೊತೆ ನಿಧಾನಕ್ಕೆ ಅಭ್ಯಾಸ ಮಾಡಿ ನೋಡಿ, ಯಾಕಂದ್ರೆ ಆ ಹೊತ್ತಲ್ಲಿ ಯೋಚ್ನೆ ಮಾಡ್ಲಿಕ್ಕೆ ಟೈಮ್ ಇರೂದಿಲ್ಲ.

ಡೊಂಬಿವಲಿಯ ಅಮ್ಮ
ಭಾನುವಾರ ಬೆಳಿಗ್ಗೆ 9:48

ನನ್ನ ಮಗನಿಗೆ 14. ಎರಡೂವರೆ ವರ್ಷಕ್ಕೆ ಡಯಾಗ್ನೋಸಿಸ್ ಆದದ್ದು, ಆವತ್ತಿಂದ ಇವತ್ತಿನವರೆಗೆ ಎಷ್ಟು ಥೆರಪಿಸ್ಟ್‌ಗಳು ಬಂದ್ರು ಹೋದ್ರು ಅಂತ ಲೆಕ್ಕ ಇಟ್ಟಿಲ್ಲ. ಎಂಥಾ ಥೆರಪಿಸ್ಟ್ ಬೇಕು ಅಂತ ಕೇಳಿದ್ರಲ್ಲ, ಹೇಳ್ತೇನೆ.

ನನ್ನ ಮಗನ ಎದುರು ಅವನ ಬಗ್ಗೆ ಮಾತಾಡದವರು ಬೇಕು. ಅವನು ಮಾತಾಡುದಿಲ್ಲ ಅಂದ್ರೆ ಕೇಳುದಿಲ್ಲ ಅಂತ ಅಲ್ಲ. ಒಬ್ಬಳು ಬರ್ತಿದ್ಳು, ದಿನಾ ಸೆಷನ್ ಮುಗಿದ ಮೇಲೆ ಬಾಗಿಲ ಹತ್ರ ನಿಂತು ಅವನ ಎದುರಲ್ಲೇ "ಇವತ್ತು ಭಾರೀ ಹಟ ಮಾಡಿದ" ಅಂತ ಶುರು ಮಾಡ್ತಿದ್ಳು, ಅವ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಲ್ತಿದ್ದ. ನಾನು ಮೂರು ತಿಂಗಳ ನಂತ್ರ ಗಮನಿಸಿದ್ದು ಅದು, ಇನ್ನೂ ಹೊಟ್ಟೆ ಉರೀತದೆ ನನಗೆ ನನ್ನ ಮೇಲೆಯೇ.

ಮತ್ತೆ ಬಂದ ಕೂಡ್ಲೇ ಬಿಟ್ಟು ಹೋಗದವರು ಬೇಕು. ನಾಲ್ಕು ತಿಂಗಳು ಹಚ್ಚಿಕೊಂಡು ಆಮೇಲೆ ಒಂದು ದಿನ ಬರುದೇ ಇಲ್ಲ, ಮಗುವಿಗೆ ಹೇಳುವವರು ಯಾರು? ಬಿಡುದಾದ್ರೆ ಬಿಡಿ ಮಾರಾಯ್ತಿ, ಸಂಬಳ ಕಮ್ಮಿ ಅಂತ ಗೊತ್ತುಂಟು, ಆದ್ರೆ ಎರಡು ವಾರ ಮೊದ್ಲು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ ತೋರಿಸಿ, ಫೋಟೋ ಕೊಟ್ಟು, ಬಾಯ್ ಹೇಳಿ ಹೋಗಿ.

ನಿಮ್ಮ ಮಕ್ಕಳಿಗೆ ತಾಳ್ಮೆ ಉಳಿಯುದಿಲ್ಲ ಅನ್ನುದರ ಬಗ್ಗೆ ನಾನು ಹೇಳುವಷ್ಟು ದೊಡ್ಡವಳಲ್ಲ. ನನ್ನ ದೊಡ್ಡ ಮಗಳಿಗೆ ನನ್ನಲ್ಲಿ ಏನೂ ಉಳಿಯದೆ ಎಷ್ಟೋ ವರ್ಷ ಹೋಯ್ತು. ಅವಳಿಗೀಗ 18.

ವಾಶಿಯಿಂದ ಅಪ್ಪ
ಭಾನುವಾರ ಮಧ್ಯಾಹ್ನ 1:15

ಮೇಡಂ ಆರ್‌ಬಿಟಿ, ಅಂದ್ರೆ ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಶಿಯನ್, ಸರ್ಟಿಫಿಕೇಟ್ ಮಾಡ್ಕೊಳ್ಳಿ, ಆನ್‌ಲೈನ್‌ನಲ್ಲಿ 40 ಗಂಟೆ ಟ್ರೇನಿಂಗು, ಅಮೆರಿಕಾದ್ದು, ಅದಿದ್ರೆ ಸಂಬಳ ಡಬಲ್ ಆಗುತ್ತೆ ಅಂತ ನಮ್ಮ ಮಗಳ ಸೆಂಟರ್‌ನಲ್ಲಿ ಹೇಳ್ತಿದ್ರು. 17 ಸಾವಿರ ತುಂಬಾ ಕಮ್ಮಿ ಆಯ್ತು, ನಾವು ಒಂದೊಂದು ಸೆಷನ್‌ಗೆ ಎಷ್ಟು ಕೊಡ್ತೀವಿ ಅಂತ ನಮಗೆ ಗೊತ್ತು.

ಮೈಸೂರಿನ ಸ್ಪೀಚು, ಮುಂಬೈ
ಭಾನುವಾರ ಸಂಜೆ 6:30

ಸರ್, ನಾನು ಸ್ಪೀಚ್ ಥೆರಪಿಸ್ಟು, ಆ ಮಾಹಿತಿ ಹಳೇದು, ದಯವಿಟ್ಟು ಯಾರೂ ಅದಕ್ಕೆ ದುಡ್ಡು ಕಟ್ಬೇಡಿ. ಆರ್‌ಬಿಟಿ ಕೊಡೋ ಬಿಎಸಿಬಿ ಸಂಸ್ಥೆ 2023ರಿಂದ ಭಾರತದಿಂದ ಹೊಸ ಅರ್ಜಿ ತಗೊಳ್ತಾ ಇಲ್ಲ. ಆ 40 ಗಂಟೆ ಕೋರ್ಸು ಕಲಿಯೋಕೆ ಚೆನ್ನಾಗೇ ಇರಬಹುದು ಆದ್ರೆ ಕೊನೇಲಿ ಆರ್‌ಬಿಟಿ ಸಿಗುತ್ತೆ ಅಂತ ಯಾರಾದ್ರೂ ಮಾರಿದ್ರೆ ನಂಬ್ಬೇಡಿ. ನಮ್ಮಲ್ಲಿ ಲೆಕ್ಕಕ್ಕೆ ಬರೋದು ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆ. ಸ್ಪೆಷಲ್ ಎಜುಕೇಶನ್‌ನಲ್ಲಿ ಡಿಪ್ಲೊಮಾ ಅಥವಾ ಬಿ.ಎಡ್ ಮಾಡಿದ್ರೆ ಅಲ್ಲಿ ರಿಜಿಸ್ಟರ್ ಆಗಿ ನಂಬರ್ ಬರುತ್ತೆ, ವಾರಾಂತ್ಯದ ವರ್ಕ್‌ಶಾಪ್ ಸರ್ಟಿಫಿಕೇಟಿಗೆ ಬರಲ್ಲ. ಜಮಖಂಡಿ ಅವ್ರೆ, ಒಂದು ವರ್ಷ ಕೆಲಸ ನೋಡಿ, ಇಷ್ಟ ಆದ್ರೆ ಆ ದಾರಿ ಹಿಡೀರಿ, ಇಲ್ಲಾಂದ್ರೆ ಎಷ್ಟು ವರ್ಷ ಆದ್ರೂ ಟ್ರೇನಿ ಸಂಬಳದಲ್ಲೇ ಇಟ್ಟಿರ್ತಾರೆ, ನಾನು ಕಣ್ಣಾರೆ ನೋಡಿದೀನಿ.

ಮೊದಲ ವಾರದ ಬಗ್ಗೆ. ಪೇರಿಂಗ್ ಅಂತ ಒಂದು ಮಾತು ಕೇಳ್ತೀರಾ ಅಲ್ಲಿ. ಅಂದ್ರೆ ಮಗುಗೆ ನೀವು ಏನನ್ನೂ ಕೇಳ್ದೆ, ಕಲಿಸ್ದೆ, ಬರೀ ಅದು ಮಾಡೋದನ್ನ ಪಕ್ಕದಲ್ಲಿ ಕೂತು ಮಾಡೋದು. ಅದು ಕಾರಿನ ಚಕ್ರ ತಿರುಗಿಸ್ತಾ ಇದ್ರೆ ನೀವೂ ಇನ್ನೊಂದು ಕಾರು ತಗೊಂಡು ಚಕ್ರ ತಿರುಗಿಸಿ. "ಇದು ಯಾವ ಕಲರ್ ಹೇಳು" ಅಂತ ಬಾಯಿಗೆ ಬರುತ್ತೆ, ನುಂಗಿ. ಹೊಸಬರಿಗೆ ಇದೇ ಕಷ್ಟ, ಪೋಷಕರು ಗಾಜಿನ ಆಚೆಯಿಂದ ನೋಡ್ತಿರ್ತಾರೆ, ಫೀಸ್ ತಗೊಂಡು ಸುಮ್ನೆ ಆಟ ಆಡ್ತಿದಾಳೆ ಅನ್ಕೊಳ್ತಾರೆ ಅಂತ ಭಯ ಆಗಿ ಏನಾದ್ರೂ ಕಲಿಸೋಕೆ ಹೋಗ್ಬಿಡ್ತೀವಿ. ಮಗು ನಿಮ್ಮನ್ನ ನೋಡಿ ಓಡಿ ಬರೋ ತನಕ ಏನೂ ಕಲಿಸ್ಬೇಡಿ, ಕೆಲವರಿಗೆ ಮೂರು ದಿನ, ಕೆಲವರಿಗೆ ಮೂರು ವಾರ.

ಕೋಥ್ರೂಡ್ 27
ಭಾನುವಾರ ರಾತ್ರಿ 10:02

ನಾನು ಬರೀಬೇಕೋ ಬೇಡ್ವೋ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ನಂಗೇ ಆಟಿಸಂ ಇದೆ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಟೆಸ್ಟಿಂಗ್. 5ರಿಂದ 9 ವರ್ಷದ ತನಕ ಥೆರಪಿಗೆ ಹೋಗಿದ್ದೆ, ಆಗ ನಾವು ಬೇರೆ ಊರಲ್ಲಿದ್ವಿ.

ಒಂದು ಬಿಸ್ಕತ್ತಿಗೋಸ್ಕರ ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತಿದ್ರು, ನೋಡೋ ತನಕ ಬಿಸ್ಕತ್ತನ್ನ ಅವರ ಹುಬ್ಬಿನ ನಡುವೆ ಹಿಡ್ಕೊಂಡಿರ್ತಿದ್ರು. ನಂಗೆ ಕಣ್ಣು ನೋಡಿದ್ರೆ ಮಾತು ಕೇಳಿಸಲ್ಲ, ಎರಡರಲ್ಲಿ ಒಂದೇ ಆಗೋದು, ಈಗ್ಲೂ ಹಾಗೇ. ಕೈ ಅಲ್ಲಾಡಿಸಿದ್ರೆ ಕೈ ಹಿಡಿದು ತೊಡೆ ಮೇಲೆ ಒತ್ತಿ ಇಡ್ತಿದ್ರು. ಅವರು ಕೆಟ್ಟವರಲ್ಲ, ಪ್ರೀತಿಯಿಂದ ಮಾತಾಡ್ತಿದ್ರು, ಹಾಡು ಹೇಳ್ತಿದ್ರು. ಆದ್ರೆ ನಾನು ಕಲಿತಿದ್ದು ಏನಂದ್ರೆ ದೊಡ್ಡವರು ನನ್ನ ಮೈಗೆ ಏನ್ ಮಾಡಿದ್ರೂ ಸುಮ್ನಿರಬೇಕು ಅಂತ. ಬೇಡ ಅನ್ನೋದನ್ನ ನಾನು ಕಾಲೇಜಿಗೆ ಬಂದ ಮೇಲೆ ಕಲಿತೆ, ಅದೂ ಕಷ್ಟಪಟ್ಟು.

1987ರಲ್ಲಿ ಅಮೆರಿಕಾದ ಲೋವಾಸ್ ಅನ್ನೋ ಸೈಕಾಲಜಿಸ್ಟು ಆಟಿಸಂ ಮಕ್ಕಳಿಗೆ ವಾರಕ್ಕೆ 40 ಗಂಟೆ ಥೆರಪಿ ಕೊಟ್ಟು ರಿಸಲ್ಟ್ ಬರೆದ್ರಲ್ಲ, ಅಲ್ಲಿಂದ ಎಲ್ಲಾ ಕಡೆ ಜಾಸ್ತಿ ಗಂಟೆ ಜಾಸ್ತಿ ಗಂಟೆ ಅಂತಾರೆ. 40 ಗಂಟೆ ಅಂದ್ರೆ ದೊಡ್ಡವರ ಫುಲ್ ಟೈಮ್ ಕೆಲಸ. ಮೂರು ವರ್ಷದ ಮಗುಗೆ. ನೀವು ಒಳ್ಳೆಯವರು ಅಂತ ನಿಮ್ಮ ಪೋಸ್ಟಲ್ಲಿ ಗೊತ್ತಾಗುತ್ತೆ, ಅದಕ್ಕೇ ಕೇಳ್ತಿದೀನಿ, ಪ್ರತಿ ಮಗುವಿನ ಗೋಲ್ ಶೀಟ್, ಅಂದ್ರೆ ಅದಕ್ಕೆ ಏನೇನ್ ಕಲಿಸ್ಬೇಕು ಅಂತ ಬರೆದಿರೋ ಹಾಳೆ, ಕೈಗೆ ಬಂದಾಗ ಒಂದು ಪ್ರಶ್ನೆ ಕೇಳ್ಕೊಳ್ಳಿ, ಇದು ಮಗುಗೆ ಬೇಕಾಗಿದ್ದೋ, ನೋಡೋ ಜನಕ್ಕೆ ಬೇಕಾಗಿದ್ದೋ. ಟಾಯ್ಲೆಟ್ ಹೋಗೋದು, ನೀರು ಕೇಳೋದು, ರೋಡಿಗೆ ಓಡ್ದೆ ಇರೋದು ಮಗುಗೆ ಬೇಕು. ಕೈ ಅಲ್ಲಾಡಿಸ್ದೆ ಇರೋದು ಯಾರಿಗೆ ಬೇಕು?

ಮೈಸೂರಿನ ಸ್ಪೀಚು, ಮುಂಬೈ
ಭಾನುವಾರ ರಾತ್ರಿ 10:40

ಕೋಥ್ರೂಡ್ 27, ನೀವು ಬರೆದಿದ್ದು ಒಳ್ಳೇದಾಯ್ತು. ನಾನು ಟ್ರೇನಿಂಗ್ ಆದ ಹೊಸದ್ರಲ್ಲಿ ನಾನೂ ಹಾಗೆ ಬಿಸ್ಕತ್ತು ಹಿಡಿದಿದೀನಿ. ಈಗ ಮಾಡಲ್ಲ.

ಜಮಖಂಡಿಯಾಕಿ, ಪುಣೆ
ಭಾನುವಾರ ರಾತ್ರಿ 11:55

ಎಲ್ಲಾ ಓದಿದೆ. ಕೋಥ್ರೂಡ್ ಅವ್ರ ಮಾತು ಒಂದ್ ವಹಿಯೊಳಗ ಬರ್ಕೊಂಡೀನಿ, ಗೋಲ್ ಶೀಟ್ ಪ್ರಶ್ನೆ. ಡೊಂಬಿವಲಿ ಅಕ್ಕಾರ, ನಿಮ್ಮ ಮಗಳ ಮಾತು ಓದಿ ಭಾಳ ಹೊತ್ತು ಸುಮ್ನ ಕುಂತೆ. ನಾಳೆ ಮುಂಜಾನೆ ಅತ್ತಿಯವ್ರು ಥಾಲಿಪೆಟ್ಟು ಮಾಡ್ತೀನಿ ಅಂದಾರ, ಡಬ್ಬಿ ಅವ್ರ ಕಟ್ಟತಾರಂತ. ಮಕ್ಕೋತೀನಿ.

ಜಮಖಂಡಿಯಾಕಿ, ಪುಣೆ
ಶುಕ್ರವಾರ ರಾತ್ರಿ 9:30

ಮೊದಲ್ನೇ ವಾರ ಮುಗೀತ್ರಿ. ಮೈಯೆಲ್ಲಾ ಜಜ್ಜಿದಂಗ ಆಗೈತಿ, ಗೋವಾ ಅಕ್ಕಾರು ಹೇಳಿದ್ದು ಅಕ್ಷರ ಅಕ್ಷರ ಖರೆ.

ಸೋಮವಾರನ ಒಂದ್ ತಪ್ಪ್ ಮಾಡ್ದೆ. ಪುಣೆದಾಗ ಗಾಡಿ ಹೊಡಿಯೋ ಹೆಣ್ಮಕ್ಕಳು ಎಲ್ಲಾ ಮುಖಕ್ಕ ಸ್ಕಾರ್ಫ್ ಕಟ್ಕೊಂಡಿರ್ತೀವಿ ಅಲ್ರಿ, ಕಣ್ಣಷ್ಟ ಕಾಣ್ತಾವು, ನಾ ಹಂಗ ಒಳಗ ಹೋದೆ, ಬಾಗಿಲ ಕಡೆ ನಿಂತಿದ್ದ ಒಂದ್ ಹುಡುಗಿ ನನ್ನ ನೋಡಿ ಚಿಟ್ಟನೆ ಚೀರಿ ತಲಿ ಗೋಡಿಗೆ ಬಡ್ಕೊಳಾಕ ಶುರು ಮಾಡ್ತು. ಮಾವಶಿ, ಅಂದ್ರ ಸೆಂಟರ್‌ನ ಆಯಾ, ಓಡಿ ಬಂದು ಕೈ ನಡುವ ಇಟ್ರು, ಗೋಡಿಗೂ ತಲಿಗೂ ನಡುವ, ಅವ್ರ ಕೈಗೆ ಪೆಟ್ಟು ಬಿತ್ತು. ಒಂದ್ ಮಾತ್ ಬೈಲಿಲ್ಲ ನನ್ಗ. ಈಗ ಗೇಟಿನ ಹೊರಗ ಸ್ಕಾರ್ಫ್ ಬಿಚ್ಚಿ ಡಿಕ್ಕಿಯೊಳಗ ಹಾಕಿ ಒಳಗ ಹೋಗ್ತೀನಿ.

ಈ ವಾರ ನನ್ಗ ಇಬ್ರು ಮಕ್ಕಳು ಕೊಟ್ಟಾರ, ಬರೀ ಪೇರಿಂಗ್. ಒಬ್ಬಾಂವ ದಿನಾ ನಲವತ್ತೈದು ನಿಮಿಷ ಫ್ಯಾನ್ ನೋಡ್ಕೊಂತ ಮಕ್ಕೊಂಡಿರ್ತಾನ, ನಾನೂ ಬಾಜೂಕ ಮಕ್ಕೊಂಡು ಫ್ಯಾನ್ ನೋಡಿದೆ. ಗುರುವಾರ ಅಂವ ನನ್ನ ಕೈ ತಗೊಂಡು ಸ್ವಿಚ್ ಬೋರ್ಡ್ ಕಡೆ ಒಯ್ದ. ಬಂದ್ ಮಾಡಿದೆ, ಚಾಲೂ ಮಾಡಿದೆ, ನಕ್ಕ. ಇಷ್ಟ. ಶೀಟ್‌ನಾಗ ಬರಿಯಾಕ ಒಂದ್ ಸಾಲು ಆಗೋದಿಲ್ಲ ಇದು, ಆದ್ರ ಗಾಡಿ ಮ್ಯಾಲೆ ಮನಿಗೆ ಬರೋವಾಗ ಸ್ಕಾರ್ಫ್ ಒಳಗ ನಗ್ಕೊಂತನ ಬಂದೆ.

ಮನಿ ವಿಷಯ. ಸಣ್ಣಾಂವ ಪಾಳಣಾಘರದಾಗ ಎರಡ್ ದಿನ ಅತ್ತ, ಮೂರ್ನೇ ದಿನಕ್ಕ ಆಡಾಕ ಹತ್ತಿದ. ತಾಪ ಆಗಿದ್ದು ಬ್ಯಾರೆ ಕಡೆಯಿಂದ. ಇಲ್ಲಿ ಮಕ್ಕಳು ಥೆರಪಿಸ್ಟ್‌ಗಳಿಗೆ ಮರಾಠಿಯೊಳಗ "ತಾಈ" ಅಂತಾರ, ಅಂದ್ರ ಅಕ್ಕ. ಬುಧವಾರ ಮಧ್ಯಾಹ್ನ ಅತ್ತಿಯವ್ರಿಗೆ ಫೋನ್ ಹಚ್ಚಿದ್ದೆ, ಹಿಂದಿಂದ ಒಂದ್ ಕೂಸು ತಾಈ ತಾಈ ಅಂತ ಕರೀತು, ಅತ್ತಿಯವ್ರು "ಯಾರವಾ ಅದು, ನಿನ್ಗ ತಾಯಿ ಅನ್ನಾಕತ್ತೈತಲ್ಲ, ಇಲ್ಲಿ ಇಂವ ಅವ್ವಾ ಅಂತ ಬಾಗಿಲ ಕಾಯಾಕತ್ತಾನ" ಅಂದ್ರು. ಅವ್ರು ಚುಚ್ಚಾಕ ಅಂದಿದ್ದಲ್ಲ, ಅವ್ರಿಗೆ ಹಂಗ ಕೇಳಿಸ್ತು. ಆದ್ರ ನನ್ಗ ಆ ಮಾತು ಇನ್ನೂ ಇಳಿದಿಲ್ಲ.

ಚಿಂಚವಡದ ಅಜ್ಜಿ
ಶುಕ್ರವಾರ ರಾತ್ರಿ 10:15

ತಂಗೀ, ನಾನು 31 ವರ್ಷ ನರ್ಸ್ ಕೆಲಸ ಮಾಡಿದಾಕಿ. ಮನಿಗೆ ಬಂದ ಕೂಡ್ಲೆ ಅಡಿಗಿ ಮನಿಗೆ ಹೋಗಬ್ಯಾಡ. ಮೊದಲ ಕೈಕಾಲು ತೊಳ್ಕೊಂಡು ಸೀರಿ ಬದಲಿಸಿ 20 ನಿಮಿಷ ಮಕ್ಕಳ ಜೊತಿ ನೆಲದ ಮ್ಯಾಲೆ ಸುಮ್ನ ಕೂಡು, ಅಭ್ಯಾಸ ಕೇಳಬ್ಯಾಡ, ಊಟ ಆತೇನು ಕೇಳಬ್ಯಾಡ, ಕುಕ್ಕರ್ ಆಮ್ಯಾಲೆ. ನಾನು ಉಲ್ಟಾ ಮಾಡ್ದೆ ಅಷ್ಟು ವರ್ಷ, ಬಂದಾಕಿನ ಒಲಿ ಮುಂದ.

ಮೈಸೂರಿನ ಸ್ಪೀಚು, ಮುಂಬೈ
ಶುಕ್ರವಾರ ರಾತ್ರಿ 10:50

ಅಜ್ಜಿ ಹೇಳಿದ್ದು ನೀವು ಸೆಂಟರ್‌ನಲ್ಲಿ ಮಾಡ್ತಿರೋದೇ, ಪೇರಿಂಗ್.

ತಾಯಂದಿರ ಮೇಲೆ ತಪ್ಪು ಹೊರಿಸೋದು ಈ ವಿಷಯದಲ್ಲಿ ಹಳೇ ರೋಗ. ಕ್ಯಾನರ್ ಅನ್ನೋ ಮನೋವೈದ್ಯರು 1943ರಲ್ಲಿ ಮೊದಲ ಸಲ ಈ ಮಕ್ಕಳ ಬಗ್ಗೆ ಬರೆದ ಮೇಲೆ ಎರಡು ದಶಕ, ತಾಯಿ ಪ್ರೀತಿ ಇಲ್ದೆ ತಣ್ಣಗಿದ್ರೆ ಮಗುಗೆ ಆಟಿಸಂ ಬರುತ್ತೆ ಅಂತಾನೇ ದೊಡ್ಡ ದೊಡ್ಡ ಡಾಕ್ಟರ್‌ಗಳು ನಂಬಿದ್ರು, ರೆಫ್ರಿಜರೇಟರ್ ತಾಯಿ ಅಂತ ಹೆಸರು ಬೇರೆ. ಬೆಟಲ್‌ಹೈಮ್ ಅನ್ನೋರು ಇದನ್ನ ಊರೆಲ್ಲಾ ಹಬ್ಬಿಸಿದ್ರು. 1964ರಲ್ಲಿ ರಿಮ್‌ಲ್ಯಾಂಡ್ ಅನ್ನೋ ಸೈಕಾಲಜಿಸ್ಟು, ಅವರ ಸ್ವಂತ ಮಗನಿಗೇ ಆಟಿಸಂ ಇತ್ತು, ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದು, ತಾಯಿ ಸಾಕಿದ ರೀತಿಗಲ್ಲ ಅಂತ ವಾದ ಮಾಡಿದ್ರು. ಅಷ್ಟು ವರ್ಷ ಆದ್ರೂ ನನ್ನ ಹತ್ರ ಬರೋ ಅಮ್ಮಂದಿರಲ್ಲಿ ಕೆಲಸಕ್ಕೆ ಹೋಗ್ತಿದ್ದೆ ಅದಕ್ಕೇ ಹಿಂಗಾಯ್ತಾ ಅಂತ ಕೇಳೋರು ಇದ್ದೇ ಇದಾರೆ. ನಿಮ್ಮ ಹತ್ರಾನೂ ಕೇಳ್ತಾರೆ. ಅಲ್ಲ ಅಂತ ಗಟ್ಟಿಯಾಗಿ ಹೇಳಿ.

ಜಮಖಂಡಿಯಾಕಿ, ಪುಣೆ
ಮೂರು ವಾರದ ನಂತರ, ಮಂಗಳವಾರ ರಾತ್ರಿ 11:10

ಇವತ್ತು ಒಂದ್ ಸಂಗತಿ ಆತು, ಹೇಳ್ದ ಇದ್ರ ನಿದ್ದಿ ಬರೂದಿಲ್ಲ. ಹುಡುಗನ ತಾಯಿನ್ನ ಕೇಳೀನಿ, ಬರೀರಿ ಅಂದಾರ, ಆದ್ರೂ ಅವ್ರ ಗುರ್ತು ಸಿಗದಂಗ ಸ್ವಲ್ಪ ಬದಲಿಸಿ ಬರಿಯಾಕತ್ತೀನಿ.

ಐದ್ ವರ್ಷದ ಹುಡುಗ. ತಂದಿ ಕಟ್ಟಡದ ಕೆಲಸಕ್ಕ ಬಂದಾವ್ರು, ವಿಜಾಪುರದ ಕಡಿಯವ್ರು, ಸೆಂಟರ್‌ನವ್ರು ಫೀಸ್ ಕಮ್ಮಿ ಮಾಡಿ ತಗೊಂಡಾರ. ಹತ್ತ್ ತಿಂಗಳಿಂದ ಬರಾಕತ್ತಾನ. ಫೈಲ್‌ನಾಗ ಮಾತಿಲ್ಲ ಅಂತ ಬರದೈತಿ, ಅಂದ್ರ ನಾನ್‌ವರ್ಬಲ್. ಶೀಟ್‌ನಾಗ ಒಂದ್ ಕಾಲಂ ಐತಿ, ಅರ್ಥ ಇಲ್ಲದ ಶಬ್ದ ಎಷ್ಟ್ ಸಲ ಮಾಡಿದ ಅಂತ, ಅದನ್ನ ಕಮ್ಮಿ ಮಾಡೋದ ಗೋಲ್. ಹತ್ತ್ ತಿಂಗಳ ಶೀಟ್, ಒಂದ್ ದಿನ 23, ಒಂದ್ ದಿನ 31, ಒಂದ್ ದಿನ 19, ಹಿಂಗ. ಶಬ್ದ ಬಂದ್ರ ಗಮನಾ ಕೊಡಬಾರದು, ಮುಖ ಆ ಕಡೆ ಮಾಡಬೇಕು, ಕೆಲಸ ಮುಂದುವರಿಸಬೇಕು ಅಂತ ಪ್ರೋಗ್ರಾಂ.

ಇವತ್ತು ಆ ಹುಡುಗನ ತಾಈ ರಜಾ ಇದ್ಳು, ನನ್ಗ ಕುಂದ್ರು ಅಂದ್ರು. ಟೇಬಲ್ ಮ್ಯಾಲೆ ಕಾರ್ಡ್ ಇಟ್ಟು ಬಣ್ಣ ಹೊಂದಿಸೋದು. ನಾಕ್ನೇ ಕಾರ್ಡಿಗೆ ಅಂವ ಬಗ್ಗಿ ತಲಿ ಟೇಬಲ್ ಮ್ಯಾಲೆ ಇಟ್ಟು ಆ ಶಬ್ದ ಮಾಡ್ದ. ನಾ ಪೆನ್ಸಿಲ್ ತಗೊಂಡು ಶೀಟ್ ಮ್ಯಾಲೆ ಗೀಟು ಹಾಕೇಬಿಟ್ಟೆ. ಇನ್ನೊಂದ್ ಸಲ ಮಾಡ್ದ, ಇನ್ನೊಂದ್ ಗೀಟು. ಮೂರ್ನೇ ಸಲಕ್ಕ ನನ್ನ ಕೈ ನಿಂತ್ತು.

ಅಂವ "ಸಾಕ" ಅನ್ನಾಕತ್ತಿದ್ದ. ಸಾಕ, ಸಾಕ, ಸಾಕ. ನಮ್ಮ ಕಡೆ ಅಂತೀವಲ್ರಿ, ಹಂಗ. ಸ್ಪಷ್ಟ ಇಲ್ಲ, "ಸ" ಸರಿ ಬರೂದಿಲ್ಲ, "ಥಾಕ" ಅಂದಂಗ ಕೇಳಿಸ್ತೈತಿ, ಆದ್ರ ಅದು ಸಾಕ. ಹತ್ತ್ ತಿಂಗಳಿಂದ ಆ ಕೂಸು ದಿನಾ ಇಪ್ಪತ್ತು ಮೂವತ್ತು ಸಲ ಸಾಕ ಸಾಕ ಅಂತ ಹೇಳೈತಿ, ಮಂದಿ ಮುಖ ಆ ಕಡೆ ಮಾಡಿ ಗೀಟು ಹಾಕ್ಯಾರ. ಸೆಂಟರ್‌ನಾಗ ಎಲ್ಲಾರೂ ಮರಾಠಿ ಹಿಂದಿಯವ್ರು, ಅವ್ರಿಗೆ ಅದು ಶಬ್ದ. ನನ್ಗ ಮೊದಲ್ ಎರಡ್ ಸಲ ಯಾಕ ಕೇಳಿಸಲಿಲ್ಲ? ಅದು ಮಾತಲ್ಲ ಅಂತ ಶೀಟ್ ಮೊದಲ ಹೇಳಿತ್ತು ನನ್ಗ.

ನಾ ಕಾರ್ಡ್ ಎಲ್ಲಾ ಡಬ್ಬಿಗೆ ಹಾಕಿ "ಸಾಕ? ಆತು, ಸಾಕ" ಅಂದೆ. ಅಂವ ತಲಿ ಎತ್ತಿ ನೋಡ್ದ. ನೋಡಿದ್ದಷ್ಟ, ಓಡಿ ಬಂದು ತೆಕ್ಕಿ ಬಡದ ಅಂತೆಲ್ಲಾ ಏನಿಲ್ಲ. ಕುರ್ಚಿ ಇಳಿದು ಹೋಗಿ ಜೋಕಾಲಿ ಮ್ಯಾಲೆ ಕುಂತ.

ಸಂಜಿ ತಾಯಿನ್ನ ಕೇಳ್ದೆ, ಮನ್ಯಾಗ ಏನೇನ್ ಅಂತಾನ್ರಿ ಅಂತ. ಆಕಿ ಮೊದಲ ಗಾಬರಿ ಆದ್ಳು. ಶುರುವಿನ್ಯಾಗ ಯಾರೋ ಹೇಳ್ಯಾರಂತ, ಮನ್ಯಾಗ ಕನ್ನಡ ಬಂದ್ ಮಾಡ್ರಿ, ಒಂದ ಭಾಷಾ ಇರ್ಲಿ, ಮರಾಠಿ ಇಲ್ಲಾ ಹಿಂದಿ ಮಾತಾಡ್ರಿ, ಎರಡ್ ಭಾಷಾ ಆದ್ರ ಗೊಂದಲ ಆಗ್ತಾನ ಅಂತ. ಆಕಿಗೆ ಹಿಂದಿ ಬರೂದ ಅಷ್ಟಕ್ಕಷ್ಟ, ಅದಕ್ಕ ಮಗನ ಜೊತಿ ಮಾತ ಕಮ್ಮಿ ಮಾಡಿಬಿಟ್ಟಾಳ. "ನೀರಂತಾನ್ರಿ ಅಕ್ಕಾ, ಬ್ಯಾಡ ಅಂತಾನ, ರೊಟ್ಟಿಗೆ ಒಟ್ಟಿ ಅಂತಾನ, ನಿಮ್ಮುಂದ ಹೇಳಿದ್ರ ಬೈತೀರಿ ಅಂತ ಹೇಳ್ಲಿಲ್ಲ" ಅಂದ್ಳು.

ಮೈಸೂರಿನ ಸ್ಪೀಚು, ಮುಂಬೈ
ಮಂಗಳವಾರ ರಾತ್ರಿ 11:35

ಓದಿ ಕೈ ನಡುಗ್ತು ನಂಗೆ. ಒಂದೇ ಭಾಷೆ ಮಾತಾಡಿ ಅನ್ನೋ ಸಲಹೆ ತಪ್ಪು, ದಯವಿಟ್ಟು ಆ ತಾಯಿಗೆ ನಾಳೆನೇ ಹೇಳಿ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಅದರಿಂದ ಮಾತಲ್ಲಿ ಹಿಂದೆ ಬೀಳಲ್ಲ ಅಂತ ಒಂದಲ್ಲ ಹಲವು ಅಧ್ಯಯನಗಳಲ್ಲಿ ಬಂದಿದೆ. ಮಗುಗೆ ಬೇಕಾಗಿರೋದು ತಾಯಿ ಬಾಯಿಂದ ಸಲೀಸಾಗಿ ಬರೋ ಮಾತು, ಜೋಗುಳ, ಬೈಗುಳ, ಎಲ್ಲಾ. ಬಾರದ ಹಿಂದಿಯಲ್ಲಿ ನಾಲ್ಕು ಪದ ಹೇಳಿದ್ರೆ ಏನ್ ಸಿಗುತ್ತೆ ಅದಕ್ಕೆ?

ಇನ್ನೊಂದು, ನಿಮ್ಮ ಸೂಪರ್‌ವೈಸರ್ ಹತ್ರ ಹೋಗೋವಾಗ ತಪ್ಪು ಹಿಡಿದ ಹಾಗೆ ಹೋಗ್ಬೇಡಿ, ಅವರ ಭಾಷೇಲೇ ಹೋಗಿ. 1985ರಲ್ಲಿ ಕಾರ್ ಮತ್ತು ಡುರಾಂಡ್ ಅನ್ನೋ ಸಂಶೋಧಕರು ತೋರಿಸಿದಾರೆ, ಕಷ್ಟದ ಕೆಲಸದಿಂದ ತಪ್ಪಿಸ್ಕೊಳ್ಳೋಕೆ ಹೊಡೆಯೋ ಕಿರುಚೋ ಮಕ್ಕಳಿಗೆ ಸಹಾಯ ಕೇಳೋ ಮಾತು ಕಲಿಸಿದ್ರೆ ಆ ಹೊಡೆತ ಕಿರುಚಾಟ ಕಮ್ಮಿ ಆಗುತ್ತೆ ಅಂತ. ಎಷ್ಟೋ ಮಕ್ಕಳಿಗೆ ಬ್ರೇಕ್ ಕೇಳೋದನ್ನ ನಾವು ತಿಂಗಳುಗಟ್ಟಲೆ ಕಲಿಸ್ತೀವಿ. ಈ ಮಗು ತಾನೇ ಕಲ್ತ್ಕೊಂಡು ಬಂದಿದೆ.

ಕೋಥ್ರೂಡ್ 27
ಬುಧವಾರ ಬೆಳಗಿನ ಜಾವ 1:20

ಸಾಕು ಅನ್ನೋಕೆ ನಂಗೆ 19 ವರ್ಷ ಬೇಕಾಯ್ತು. ಅವನ ಈ ಪದ ಕಿತ್ಕೊಳ್ಳೋಕೆ ಬಿಡ್ಬೇಡಿ.

ಡೊಂಬಿವಲಿಯ ಅಮ್ಮ
ಬುಧವಾರ ಬೆಳಿಗ್ಗೆ 8:15

ಟ್ರೈನಿನಲ್ಲಿ ನಿಂತು ಓದಿದೆ, ಠಾಣೆಯಲ್ಲಿ ಇಳಿಯುದು ಮರೆತು ಮುಲುಂಡ್‌ವರೆಗೆ ಹೋದೆ.

ನಮಗೂ ಹಾಗೇ ಹೇಳಿದ್ರು, ಇಂಗ್ಲಿಷ್ ಮಾತ್ರ ಮಾತಾಡಿ ಅಂತ. ನಾವು ಮಾತಾಡಿದೆವು. ನನ್ನ ಅಮ್ಮ ಕುಂದಾಪುರದಿಂದ ಬಂದು ಎರಡು ತಿಂಗಳು ಇದ್ದು ಮೊಮ್ಮಗನ ಹತ್ರ ಒಂದು ಮಾತಾಡ್ಲಿಕ್ಕೆ ಆಗದೆ ಹೋದ್ರು, ಯಾಕಂದ್ರೆ ನಾನೇ ಬಿಡ್ಲಿಲ್ಲ. ಈಗ ಅಮ್ಮ ಇಲ್ಲ.

ಆ ತಾಯಿಗೆ ಇನ್ನೊಂದು ಕೇಳಿ, ಅಂಗವಿಕಲತೆ ಸರ್ಟಿಫಿಕೇಟ್ ಮಾಡಿಸಿದ್ದಾರಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿದ 21 ವಿಧದಲ್ಲಿ ಆಟಿಸಂ ಸಹ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಐಎಸ್‌ಎಎ ಅಂತ ಆಟಿಸಂ ಎಷ್ಟುಂಟು ಅಂತ ಅಳೆಯುವ 40 ಪ್ರಶ್ನೆಯ ಪರೀಕ್ಷೆ ಮಾಡ್ತಾರೆ, ಸ್ಕೋರ್ 70 ಬಂದ್ರೆ 40 ಪರ್ಸೆಂಟ್ ಅಂಗವಿಕಲತೆ ಅಂತ ಲೆಕ್ಕ, ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಸಿಗ್ತದೆ. ಅದಿದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಇನ್ಶೂರೆನ್ಸ್‌ಗೆ ಹಾಕಬಹುದು, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಒಂದು ಪಾಲು ಉಂಟು. ಕಟ್ಟಡ ಕೆಲಸದವರಿಗೆ ಯಾರೂ ಇದನ್ನ ಹೇಳುದಿಲ್ಲ. ಫಾರ್ಮ್ ತುಂಬಿಸ್ಲಿಕ್ಕೆ ನೀವು ಕೂತು ಸಹಾಯ ಮಾಡಿ, ನೀವು ಇನ್ಶೂರೆನ್ಸ್ ಆಫೀಸಿನಲ್ಲಿ ಇದ್ದವರಲ್ವಾ.

ಜಮಖಂಡಿಯಾಕಿ, ಪುಣೆ
ಶನಿವಾರ ಮಧ್ಯಾಹ್ನ 3:40

ಸೂಪರ್‌ವೈಸರ್‌ಗೆ ಬುಧವಾರ ಹೇಳ್ದೆ. ಮರಾಠಿಯೊಳಗ "ಸಾಕ ಮ್ಹಣಜೆ ಪುರೇ" ಅಂದೆ. ಆಕಿ ಫೈಲ್ ತಗದು ಹಿಂದಿನ ಶೀಟ್ ಒಂದೊಂದ ತಿರುವಿ ನೋಡಿದ್ಳು, ಭಾಳ ಹೊತ್ತು. ಸಿಟ್ಟಿಗೇಳ್ತಾಳ ಅನ್ಕೊಂಡಿದ್ದೆ. ಆ ಕಾಲಂ ಮ್ಯಾಲೆ ಪೆನ್ನಿಂದ ಉದ್ದಕ ಗೀಟು ಎಳದು, ಹೊಸಾ ಕಾಲಂ ಮಾಡಿದ್ಳು, "ಬ್ರೇಕ್ ಕೇಳಿದ". ಆಮ್ಯಾಲೆ ನನ್ಗ ತಿರುಗಿ "ಇಂವ ಇನ್ನೂ ಏನೇನ್ ಅಂದಿದ್ದ ನಮಗ" ಅಂತ ಕೇಳಿದ್ಳು. ನನ್ಗ ಉತ್ತರಾ ಗೊತ್ತಿರಲಿಲ್ಲ.

ಎಲ್ಲಾ ಸರಿ ಹೋತು ಅಂತ ಹೇಳೂದಿಲ್ಲ. ಈಗ ಸಾಕ ಅಂದ್ರ ಬಿಡತಾರ ಅಂತ ಗೊತ್ತಾಗೈತಿ ಅಲ್ಲ, ಗುರುವಾರ ಕುರ್ಚಿ ಮ್ಯಾಲೆ ಕುಂದ್ರೂದ್ರಾಗ ಸಾಕ. ಕಾರ್ಡ್ ತಗಿಯೂದ್ರಾಗ ಸಾಕ. ಅರ್ಧ ತಾಸಿನ್ಯಾಗ 16 ಸಲ. ಎರಡ್ನೇ ತಾಈ "ನೋಡು, ಹಾಳ ಮಾಡ್ದಿ" ಅಂದ್ಳು. ನಾ ಏನ್ ಮಾಡ್ಲಿ?

ಅಂಕೋಲೆಯ ಓಟಿ, ಗೋವಾ
ಶನಿವಾರ ಮಧ್ಯಾಹ್ನ 4:10

ಹಾಳಾಗ್ಲಿಲ್ಲ. 10 ತಿಂಗಳು ಬಾಗಿಲು ಬಡಿದವನಿಗೆ ಈಗ ಬಾಗಿಲು ತೆಗೀತದೆ ಅಂತ ಗೊತ್ತಾಗಿದೆ, ಮತ್ತೆ ಮತ್ತೆ ತೆಗೆದು ನೋಡ್ತಿದ್ದಾನೆ, ತೆಗೀತದೋ ಇಲ್ವೋ ಅಂತ. ಮೊದಲ ಎರಡು ವಾರ 16 ಸಲ ಅಂದ್ರೆ 16 ಸಲವೂ ಬಿಡಿ. ನಂಬಿಕೆ ಕೂತ ಮೇಲೆ "ಇನ್ನೊಂದು ಕಾರ್ಡ್, ಆಮೇಲೆ ಸಾಕ" ಅಂತ ಶುರು ಮಾಡಿ, ಒಂದೇ ಕಾರ್ಡು, ಮಾತಿಗೆ ತಪ್ಪಬೇಡಿ. ಆಮೇಲೆ ಎರಡು. ಜೊತೆಗೆ ಆ ಟೇಬಲ್ಲು ಕುರ್ಚಿ ಕಾರ್ಡು ಬಿಟ್ಟು ಬಣ್ಣ ಬೇರೆ ಎಲ್ಲಾದ್ರೂ ಕಲಿಸ್ಬಹುದಾ ನೋಡಿ, ಜೋಕಾಲಿ ಇಷ್ಟ ಅಂದ್ರಲ್ಲ, ಜೋಕಾಲಿ ಮೇಲೆ ಕೂತು ಕೆಂಪು ಚೆಂಡು ನೀಲಿ ಚೆಂಡು ಬುಟ್ಟಿಗೆ ಹಾಕ್ಲಿ. ಅಷ್ಟು ಸಲ ಸಾಕ ಅಂತಿದ್ರೆ ಕೆಲಸದಲ್ಲೇ ಏನೋ ಸರಿ ಇಲ್ಲ ಅಂತಲೂ ಅರ್ಥ.

ವಾಶಿಯಿಂದ ಅಪ್ಪ
ಶನಿವಾರ ಸಂಜೆ 5:00

ಐಐಟಿ ಬಾಂಬೆಯವರು ಮಾಡಿರೋ ಜೆಲ್ಲೋ ಅಂತ ಆಪ್ ಇದೆ ಮೇಡಂ, ಫ್ರೀ, ಚಿತ್ರ ಒತ್ತಿದ್ರೆ ಮಾತಾಡುತ್ತೆ. ನಮ್ಮ ಮಗಳು ಅದರಲ್ಲೇ ಊಟ ಕೇಳೋದು. ಈ ಸಲ ಮಾಹಿತಿ ಸರಿ ಇದೆ, ದಿನಾ ಬಳಸ್ತೀವಿ.

ಜಮಖಂಡಿಯಾಕಿ, ಪುಣೆ
ಭಾನುವಾರ ರಾತ್ರಿ 10:30

ಎಲ್ಲಾರ್ಗೂ ಶರಣು. ಜೋಕಾಲಿ ಮ್ಯಾಲೆ ಚೆಂಡಿನ ವಿಚಾರ ನಾಳೆ ಕೇಳ್ತೀನಿ. ನಿರಾಮಯ ಫಾರ್ಮ್ ನಾನ ತುಂಬತೀನಿ ಅಂತ ಹೇಳೀನಿ, ಸರ್ಟಿಫಿಕೇಟ್ ಇನ್ನೂ ಆಗಿಲ್ಲ, ಅದು ಮೊದಲ.

ಅಜ್ಜಿಯವ್ರ 20 ನಿಮಿಷ ನಡದೈತಿ. ಮೊನ್ನೆ ಸಂಜಿ ನೆಲದ ಮ್ಯಾಲೆ ಮಕ್ಕೊಂಡಿದ್ದೆ, ಸಣ್ಣಾಂವ ಬಂದು ನನ್ನ ಹೊಟ್ಟಿ ಮ್ಯಾಲೆ ಗಾಡಿ ಓಡಸಾಕ ಹತ್ತಿದ, ಸಾಕಾಗಿತ್ತು ನನ್ಗ, ಭಾಳ ಸಾಕಾಗಿತ್ತು, ಮೊದಲಾಗಿದ್ರ ಒದರ್ತಿದ್ದೆ. "ಅವ್ವಗ ಸಾಕಪ್ಪಾ, ಐದ್ ನಿಮಿಷ" ಅಂದೆ. ಅಂವ ಗಾಡಿ ತಗದು ಬಾಜೂಕ ನೆಲದ ಮ್ಯಾಲೆ ಓಡಿಸ್ದ. ಮಗಳು ಬಂದು ಗಡಿಯಾರ ನೋಡ್ಕೊಂತ ಕುಂತ್ಳು, ಐದ್ ಆದ ಕೂಡ್ಲೆ "ಅವ್ವಾ ಆತು" ಅಂದ್ಳು. ಅತ್ತಿಯವ್ರು ಮುಂದಿನ ತಿಂಗಳು ಊರಿಗೆ ಹೋಗ್ತಾರ, ಆಮ್ಯಾಲೆ ಹೆಂಗ ಅಂತ ಇನ್ನೂ ಗೊತ್ತಿಲ್ಲ, ಮನಿಯವ್ರು ಶಿಫ್ಟ್ ಬದಲಿ ಕೇಳ್ಯಾರ.

ಒಂದ್ ಸಹಾಯ ಬೇಕಿತ್ತು. ಸೆಂಟರ್‌ನಾಗ ಇನ್ನೂ ಮೂರ್ ಮಕ್ಕಳು ಕನ್ನಡದವ್ರು ಅದಾರಂತ ಈಗ ಗೊತ್ತಾತು, ಒಬ್ರು ಕರಾವಳಿ ಕಡಿಯವ್ರು. ಸೂಪರ್‌ವೈಸರ್ ಗೋಡಿ ಮ್ಯಾಲೆ ಒಂದ್ ಪಟ್ಟಿ ಹಚ್ಚು ಅಂದಾಳ, ಕನ್ನಡ ಮಾತು, ಬಾಜೂಕ ಮರಾಠಿ ಅರ್ಥ. ನಾ ಬರದಿದ್ದು: ಸಾಕ, ಬ್ಯಾಡ, ನೀರ, ಉಚ್ಚಿ, ಬಾ, ಕೊಡು, ಅಬ್ಬೂ, ಬುವ್ವಾ, ಅವ್ವ, ಹೋಗೂಣು. ನಿಮ್ಮ ನಿಮ್ಮ ಕಡೆ ಸಣ್ಣ ಮಕ್ಕಳು ಏನೇನ್ ಅಂತಾರ, ಬರೀರಿ.

ಡೊಂಬಿವಲಿಯ ಅಮ್ಮ
ಭಾನುವಾರ ರಾತ್ರಿ 10:52

ಹೋಪ ಅಂತ ಸೇರಿಸಿ, ಹೋಗುವ ಅಂತ ಅರ್ಥ. ನನ್ನ ಅಮ್ಮ ಅವನನ್ನ ಬಾಗಿಲಿಗೆ ಕರ್ಕೊಂಡು ಹೋಗುವಾಗ ಹೇಳ್ತಿದ್ರು, ನಾನು ಗೋ ಅಂತ ತಿದ್ದುತ್ತಿದ್ದೆ. ಇವತ್ತು ಸಂಜೆ ಚಪ್ಪಲಿ ಹಾಕುವಾಗ "ಹೋಪ್ಯಾ?" ಅಂತ ಕೇಳಿದೆ, ಎಷ್ಟು ವರ್ಷದ ಮೇಲೆ. ಅವ ನನಗಿಂತ ಮುಂಚೆ ಮೆಟ್ಟಿಲು ಇಳಿದ.